ನಾಯಕರನ್ನು ಕಂಡು ನಕ್ಕರೆ ಧರ್ಮನಿಂದನೆಯೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ರಾಜಕಾರಣಿ, ದೇವರು, ಹಾಸ್ಯ ಮೂರೂ ಒಂದೆಡೆ ಸೇರಿದಾಗ ಏಳುವ ತಕರಾರುಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. 2024ರ ಜುಲೈ 1ರಿಂದ ಅಪರಾಧ, ಶಿಕ್ಷೆಗಳನ್ನು ಹೇಳುವ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್), ತನಿಖೆ, ಬಂಧನ, ವಿಚಾರಣೆಯ ಕ್ರಮ ಹೇಳುವ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿವೆ. ಹಾಗಾಗಿ ಧರ್ಮದ ಅವಮಾನಕ್ಕೆ ಸಂಬಂಧಿಸಿದ ಹಳೆಯ 295ಎ ಕಲಂ ಈಗ ಬಿಎನ್‌ಎಸ್ 299, ಸಮುದಾಯಗಳ ನಡುವೆ ದ್ವೇಷ ಬಿತ್ತುವುದಕ್ಕೆ ಸಂಬಂಧಿಸಿದ ಹಳೆಯ 153ಎ ಈಗ ಬಿಎನ್‌ಎಸ್ 196.

ನಮ್ಮೂರ ಗಣೇಶೋತ್ಸವಕ್ಕೆ ಯುವಕರು ಒಂದು ಪ್ರಹಸನ ಕಟ್ಟಿದ್ದಾರೆ. ಚುನಾವಣೆ ಬಂದಾಗ ಮಾತ್ರ ಭಕ್ತನಾಗುವ ಶಾಸಕನೊಬ್ಬ ಕೃಷ್ಣನ ವೇಷ ಹಾಕಿ ಮತ ಕೇಳುತ್ತಾನೆ. ಧಾರ್ಮಿಕ ಭಾವನೆಗೆ ಧಕ್ಕೆ ಎಂದು ದೂರು ಕೊಡುವುದಾಗಿ ಕೆಲವರು ಹೆದರಿಸುತ್ತಿದ್ದಾರೆ. ಆಡಬಹುದೇ?
– ಓದುಗರು, ರಾಣೆಬೆನ್ನೂರು

ಆಡಬಹುದು. ಯಾರೋ ಒಬ್ಬರ ಮನಸ್ಸಿಗೆ ನೋವಾಯಿತು ಎಂದಮಾತ್ರಕ್ಕೆ 299ನೇ ಕಲಂ ಅಪರಾಧವಾಗುವುದಿಲ್ಲ. ಒಂದು ವರ್ಗದ ನಾಗರಿಕರ ಧರ್ಮವನ್ನೋ ನಂಬಿಕೆಯನ್ನೋ ಅವಮಾನಿಸಿರಬೇಕು. ಆ ಅವಮಾನ ಉದ್ದೇಶಪೂರ್ವಕವಾಗಿರಬೇಕು, ಜೊತೆಗೆ ದುರುದ್ದೇಶದಿಂದ ಕೂಡಿರಬೇಕು. ಇದಿಷ್ಟೂ ಸಾಬೀತಾದರೆ ಮೂರು ವರ್ಷದವರೆಗೆ ಸಜೆ, ಅಥವಾ ದಂಡ, ಅಥವಾ ಎರಡೂ. ಕಲಂ ಹುಟ್ಟಿದ್ದು 1927ರಲ್ಲಿ, ಪ್ರವಾದಿಯವರನ್ನು ಗೇಲಿ ಮಾಡಿದ ಪುಸ್ತಿಕೆಯ ಪ್ರಕಾಶಕನನ್ನು ಲಾಹೋರ್ ಹೈಕೋರ್ಟ್ ಬಿಡುಗಡೆ ಮಾಡಿದ ಬೆನ್ನಲ್ಲೇ. ಆಗ ಇದ್ದ 153ಎ ಅಂಥ ಬರಹಕ್ಕೆ ಅನ್ವಯಿಸುವುದಿಲ್ಲ ಎಂದು ಕೋರ್ಟ್ ಹೇಳಿತ್ತು. 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಈ ಕಲಮನ್ನು ಎತ್ತಿಹಿಡಿದರು. ಆದರೆ ಗೊತ್ತಿಲ್ಲದೆ, ಅಜಾಗ್ರತೆಯಿಂದ, ದುರುದ್ದೇಶವಿಲ್ಲದೆ ಆದ ಅವಮಾನ ಇದರೊಳಗೆ ಬರುವುದಿಲ್ಲ ಎಂದು ಅದೇ ತೀರ್ಪು ಹೇಳಿದೆ. ದೂರು ಬರೆಯುವವರು ಮೊದಲ ಭಾಗ ಓದುತ್ತಾರೆ, ಎರಡನೆಯದನ್ನು ಬಿಡುತ್ತಾರೆ.

ನಿಮ್ಮ ಪ್ರಹಸನಕ್ಕೆ ತೀರ ಹತ್ತಿರದ ಉದಾಹರಣೆ ಕ್ರಿಕೆಟಿಗ ಧೋನಿಯದು. 2013ರಲ್ಲಿ ಒಂದು ವಾಣಿಜ್ಯ ಪತ್ರಿಕೆಯ ಮುಖಪುಟ ಅವರನ್ನು ವಿಷ್ಣುವಿನ ರೂಪದಲ್ಲಿ ತೋರಿಸಿತ್ತು. ಕೈಗಳಲ್ಲಿ ಅವರು ಜಾಹೀರಾತು ಮಾಡುತ್ತಿದ್ದ ಸರಕುಗಳಿದ್ದವು, ಅದರಲ್ಲೊಂದು ಬೂಟು. ಬೆಂಗಳೂರಿನಲ್ಲಿ ದಾಖಲಾದ ದೂರನ್ನು ಸುಪ್ರೀಂ ಕೋರ್ಟ್ 2016ರಲ್ಲಿ, ಅನಂತಪುರದ ದೂರನ್ನು 2017ರ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಗೆದ್ದರೂ ನಾಲ್ಕು ವರ್ಷ ಹಿಡಿಯಿತು. ಊರಿನ ಹುಡುಗರಿಗೆ ಅಷ್ಟು ಕೋರ್ಟು ಅಲೆಯುವ ತಾಕತ್ತು ಇರುವುದಿಲ್ಲ. ಆದ್ದರಿಂದ ದೃಶ್ಯವನ್ನೇ ಭದ್ರವಾಗಿ ಕಟ್ಟಿ.

ಶಾಸಕ ಕಿರೀಟ ಇಟ್ಟುಕೊಳ್ಳುವುದು ನೇಪಥ್ಯದಲ್ಲಿ ಆಗಬಾರದು. ಅದನ್ನು ಪ್ರೇಕ್ಷಕರ ಮುಂದೆಯೇ ಇಟ್ಟುಕೊಳ್ಳಲಿ, ಕೆಳಗೆ ಖಾದಿ ಜುಬ್ಬಾ ಕಾಣುತ್ತಿರಲಿ, ದೃಶ್ಯ ಮುಗಿಯುವ ಮುನ್ನ ತೆಗೆದಿಡಲಿ. ಆಗ ನಗು ಬೀಳುವುದು ವೇಷ ಹಾಕಿದವನ ಮೇಲೆ ಎನ್ನುವುದು ಸಂದೇಹಕ್ಕೆ ಎಡೆಯಿಲ್ಲದೆ ಗೊತ್ತಾಗುತ್ತದೆ. ಕೃಷ್ಣನಾಗಿಯೇ ಪ್ರವೇಶ ಮಾಡಿಸಿದರೆ ಹಿಂದಿನ ಸಾಲಿನವನಿಗೆ ಕೃಷ್ಣನೇ ಲಂಚದ ಮಾತಾಡಿದಂತೆ ಕೇಳಿಸುತ್ತದೆ. ವೇಷದಲ್ಲಿದ್ದಾಗ ಚಪ್ಪಲಿ, ಸಿಗರೇಟು, ಹೆಂಡದ ಬಾಟಲಿ ಬೇಡ. ಸ್ತೋತ್ರದ ಧಾಟಿಗೆ ಅಶ್ಲೀಲ ಪದ ಹಾಕಬೇಡಿ. ಅದು ಸುಲಭದ ನಗೆ, ದೂರುದಾರನಿಗೂ ಅಷ್ಟೇ ಸುಲಭ.

ಇನ್ನೊಂದು ಮುಖ್ಯ. ಬಹುಪಾಲು ದೂರುಗಳು ಹುಟ್ಟುವುದು ನಾಟಕದಿಂದಲ್ಲ, ನಾಟಕದ ಇಪ್ಪತ್ತು ಸೆಕೆಂಡಿನ ತುಣುಕಿನಿಂದ. ಕಿರೀಟ ಇಡುವ, ತೆಗೆಯುವ ಭಾಗ ಕತ್ತರಿಸಿ ನಡುವಿನದ್ದನ್ನು ಮಾತ್ರ ಹರಿಬಿಡುತ್ತಾರೆ. ಒಂದು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಮೊದಲಿಂದ ಕೊನೆಯವರೆಗೆ ಬಿಡದೆ ಚಿತ್ರೀಕರಿಸಿ. ಹಸ್ತಪ್ರತಿಯ ಎರಡು ಪ್ರತಿಗೆ ದಿನಾಂಕ ಹಾಕಿ ಸಮಿತಿಯವರ ಸಹಿ ಮಾಡಿಸಿ ಇಟ್ಟುಕೊಳ್ಳಿ.

ವ್ಯಂಗ್ಯಚಿತ್ರ ಬರೆಯುತ್ತೇನೆ. ನಾಯಕರ ದೇವಸ್ಥಾನ, ದರ್ಗಾ, ಚರ್ಚ್ ಭೇಟಿಗಳನ್ನು ಚಿತ್ರಿಸುವಾಗ ಗೆರೆ ಎಲ್ಲಿ ಎಳೆದುಕೊಳ್ಳಬೇಕು?
– ಓದುಗರು, ಮಂಗಳೂರು

ಕಾನೂನಿನ ಗೆರೆ ಮೇಲೆ ಹೇಳಿದ್ದೇ. ಕಸುಬಿನ ಗೆರೆ ಅದಕ್ಕಿಂತ ಸೂಕ್ಷ್ಮ.

ಒಂದು ಚಿತ್ರವನ್ನೇ ತೆಗೆದುಕೊಳ್ಳೋಣ. ನಾಯಕನ ಮನೆಯ ಬೀರು ತೆರೆದಿದೆ. ಒಳಗೆ ಸಾಲಾಗಿ ಪೇಟ, ಟೋಪಿ, ಕೇಸರಿ ಶಾಲು, ಹಸಿರು ಶಾಲು, ಶಿಲುಬೆಯ ಸರ, ಒಂದೊಂದಕ್ಕೂ ಕ್ಷೇತ್ರದ ಹೆಸರಿನ ಚೀಟಿ. ಸಹಾಯಕ ಕೇಳುತ್ತಾನೆ: 'ಇವತ್ತು ಯಾವ ಊರು ಸಾರ್?' ಇಲ್ಲಿ ಯಾವ ಧರ್ಮಕ್ಕೂ ಅವಮಾನವಿಲ್ಲ. ಆ ವಸ್ತುಗಳು ಪವಿತ್ರ ಎನ್ನುವ ನಂಬಿಕೆ ಇರುವುದರಿಂದಲೇ ಚಿತ್ರ ಚುಚ್ಚುತ್ತದೆ, ಪವಿತ್ರವಾದದ್ದನ್ನು ಸರಕು ಮಾಡಿದವನ ಕಡೆಗೆ ಬೆರಳು ತೋರಿಸುತ್ತದೆ. ಈಗ ಅದೇ ಚಿತ್ರದಲ್ಲಿ ಟೋಪಿಯನ್ನೋ ಸರವನ್ನೋ ಕಸದ ಬುಟ್ಟಿಯಲ್ಲಿ ಬರೆಯಿರಿ. ಅಥವಾ ಹಿನ್ನೆಲೆಯಲ್ಲಿ ಒಂದೇ ಸಮುದಾಯದವರನ್ನು ಪೆದ್ದು ಮುಖದ ಗುಂಪಾಗಿ ಬರೆಯಿರಿ. ಗುರಿ ನಾಯಕನಿಂದ ಜನರ ಮೇಲೆ ಹೊರಳಿತು. ಚಿತ್ರ ಹರಿತವಾಗಲಿಲ್ಲ, ಕ್ರೂರವಾಯಿತು.

ಬರೆದು ಮುಗಿಸಿದ ಮೇಲೆ ನಾಯಕನನ್ನು ಕೈಯಿಂದ ಮುಚ್ಚಿ ನೋಡಿ. ಉಳಿದದ್ದರಲ್ಲೂ ನಗು ಇದ್ದರೆ ಅದು ಯಾರ ಮೇಲಿನ ನಗು ಎಂದು ಕೇಳಿಕೊಳ್ಳಿ. ದೇವರ ಮುಖಕ್ಕೆ ನಾಯಕನ ಮುಖ ಅಂಟಿಸುವ ಚಿತ್ರಗಳು ಬಹುತೇಕ ಇಲ್ಲೇ ಸೋಲುತ್ತವೆ.

ವಚನಕಾರರು, ಸರ್ವಜ್ಞ, ದಾಸರು ಡಾಂಭಿಕ ಭಕ್ತಿಯನ್ನು ನಮ್ಮ ಇವತ್ತಿನ ಯಾವ ಪತ್ರಿಕೆಯೂ ಧೈರ್ಯ ಮಾಡದಷ್ಟು ಕಟುವಾಗಿ ಹಳಿದರು. ಅವರು ಹಳಿದದ್ದು ಹೆಚ್ಚಾಗಿ ತಾವೇ ಬದುಕಿದ ಸಮಾಜದ, ತಮ್ಮದೇ ಭಕ್ತಿಯ ಒಳಗಿನ ಪೊಳ್ಳನ್ನು. ಯಕ್ಷಗಾನದ ಹಾಸ್ಯಗಾರನೂ ದೂತನಾಗಿ, ಬಾಗಿಲು ಕಾಯುವವನಾಗಿ ರಾಜನ ಎದುರು ನಿಂತೇ ಅವನ ದೊಡ್ಡಸ್ತಿಕೆಯನ್ನು ಇಳಿಸುತ್ತಾನೆ. ಬಲಿಷ್ಠನನ್ನು ನಗುವುದು ಈ ನೆಲಕ್ಕೆ ಹೊಸದಲ್ಲ. ನೆರೆಯವನ ಪ್ರಾರ್ಥನೆಯನ್ನು ಅಣಕಿಸುವುದನ್ನು ಅದರ ಲೆಕ್ಕಕ್ಕೆ ಸೇರಿಸಬಾರದು.

ನಾಯಕನನ್ನು ನಕ್ಕದ್ದಕ್ಕೆ ಅವರ ಬೆಂಬಲಿಗರು 299ರಡಿ ದೂರು ಕೊಟ್ಟರೆ ಅದು ನಿಲ್ಲುವುದಿಲ್ಲ. ನಾಯಕ ಧರ್ಮವಲ್ಲ, 'ನಾಗರಿಕರ ವರ್ಗ'ವೂ ಅಲ್ಲ. ಮಾನಹಾನಿ ಎಂದಾದರೆ ಅದು ಬಿಎನ್‌ಎಸ್ 356. ಅದರಲ್ಲಿ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸುವಂತಿಲ್ಲ, ಬಾಧಿತರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು.

ಪ್ರಚಾರ ಸಭೆಯಲ್ಲಿ ಒಬ್ಬ ಅಭ್ಯರ್ಥಿ ಇನ್ನೊಂದು ಧರ್ಮದವರ ಪ್ರಾರ್ಥನೆಯನ್ನು ಅಣಕಿಸಿ ತೋರಿಸಿದರು, ಜನ ಚಪ್ಪಾಳೆ ತಟ್ಟಿದರು. ಆಮೇಲೆ 'ತಮಾಷೆಗೆ ಹೇಳಿದ್ದು' ಎಂದರು. ಏನೂ ಮಾಡಲಾಗುವುದಿಲ್ಲವೇ?
– ಓದುಗರು, ವಿಜಯಪುರ

ಮಾಡಬಹುದು, ಆದರೆ ಬೇಗ ಮಾಡಬೇಕು. ಇಲ್ಲಿ ನಮ್ಮ ನಿಲುವು ಮೊದಲೇ ಹೇಳಿಬಿಡುತ್ತೇವೆ: ವೇದಿಕೆ, ಮೈಕು, ಅಧಿಕಾರ ಮೂರೂ ಕೈಯಲ್ಲಿರುವವನು ಎದುರು ನಿಂತ ಜನಸಮೂಹಕ್ಕೆ ಇನ್ನೊಂದು ಸಮುದಾಯವನ್ನು ನಗಲು ಕಲಿಸಿದರೆ ಅದು ಹಾಸ್ಯವಲ್ಲ. ವ್ಯಂಗ್ಯಚಿತ್ರಕಾರನಿಗೆ ಕೊಡುವ ರಿಯಾಯಿತಿ ಅವನಿಗೆ ಕೊಡಲಾಗದು.

ಚುನಾವಣೆ ಘೋಷಣೆಯಾಗಿದ್ದರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ಮೂಲಕ ಸ್ಥಳದಲ್ಲೇ ತೆಗೆದ ವಿಡಿಯೊ ಕಳಿಸಿ. 100 ನಿಮಿಷದೊಳಗೆ ಸ್ಪಂದಿಸಬೇಕೆನ್ನುವುದು ಆ ವ್ಯವಸ್ಥೆಯ ಗುರಿ. ಅದೇ ದಿನ ಚುನಾವಣಾಧಿಕಾರಿಗೆ ಲಿಖಿತ ದೂರನ್ನೂ ಕೊಟ್ಟು ಸ್ವೀಕೃತಿ ಪಡೆಯಿರಿ. ದೂರಿನಲ್ಲಿ 'ಕೋಮು ಭಾಷಣ ಮಾಡಿದರು' ಎಂದಷ್ಟೇ ಬರೆದರೆ ಕಡತ ಮುಂದೆ ಹೋಗುವುದಿಲ್ಲ. ಆಡಿದ ಮಾತು ಅಕ್ಷರಶಃ, ಆಡಿದ ಹೊತ್ತು, ಸ್ಥಳ, ವೇದಿಕೆಯಲ್ಲಿದ್ದವರು, ವಿಡಿಯೊದಲ್ಲಿ ಎಷ್ಟನೇ ನಿಮಿಷ ಎನ್ನುವುದು ಬೇಕು. ಮೂಲ ವಿಡಿಯೊ ಇರುವ ಫೋನನ್ನು ಬದಲಿಸಬೇಡಿ. ಫಾರ್ವರ್ಡ್ ಆಗಿ ಬಂದ ಪ್ರತಿಗೆ ಬೆಲೆ ಕಡಿಮೆ.

ಪ್ರಜಾಪ್ರತಿನಿಧಿ ಕಾಯ್ದೆ 1951ರ 125ನೇ ಕಲಂ ಪ್ರಕಾರ ಚುನಾವಣೆಯ ಸಂಬಂಧದಲ್ಲಿ ಧರ್ಮದ ಆಧಾರದ ಮೇಲೆ ದ್ವೇಷ ಬಿತ್ತಿದರೆ ಮೂರು ವರ್ಷದವರೆಗೆ ಸಜೆ. 123(3ಎ) ಅದನ್ನು ಭ್ರಷ್ಟ ಆಚರಣೆ ಎನ್ನುತ್ತದೆ. ಅಭ್ಯರ್ಥಿ ಗೆದ್ದಿದ್ದರೆ ಫಲಿತಾಂಶದಿಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಹಾಕಬೇಕಾದವರು ಆ ಕ್ಷೇತ್ರದ ಮತದಾರ ಅಥವಾ ಅಭ್ಯರ್ಥಿ, ಭದ್ರತಾ ಠೇವಣಿ 2,000 ರೂಪಾಯಿ. 46ನೇ ದಿನ ಹೋದರೆ ವಿಳಂಬ ಮನ್ನಾ ಇಲ್ಲ. ಮುಂಬೈನ ವಿಲೇಪಾರ್ಲೆಯ 1987ರ ಉಪಚುನಾವಣೆ ಇದೇ ಬಗೆಯ ಭಾಷಣಗಳಿಂದ ರದ್ದಾಯಿತು. 1995ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಭಾಷಣ ಮಾಡಿದ ಬಾಳ್ ಠಾಕ್ರೆಯವರು ಆರು ವರ್ಷ ಮತದಾನದ ಹಕ್ಕು ಕಳೆದುಕೊಂಡರು.

ಬಿಎನ್‌ಎಸ್ 196ರಡಿ ಶಿಕ್ಷೆಯಾದರೆ, ಬರೀ ದಂಡವಾದರೂ, ಸ್ಪರ್ಧಿಸುವ ಅರ್ಹತೆ ಆರು ವರ್ಷ ಹೋಗುತ್ತದೆ. 299ಕ್ಕೆ ಹಾಗಿಲ್ಲ, ಅಲ್ಲಿ ಎರಡು ವರ್ಷ ಅಥವಾ ಹೆಚ್ಚಿನ ಸಜೆಯಾದರೆ ಮಾತ್ರ. ವಿಧಾನಸಭೆಯೊಳಗೆ ಆಡಿದ ಮಾತಿಗೆ ಸಂವಿಧಾನದ 194ನೇ ವಿಧಿಯ ರಕ್ಷಣೆ ಇದೆ, ಕೋರ್ಟಿಗೆ ಒಯ್ಯಲಾಗದು. ಕಡತದಿಂದ ತೆಗೆಸಲು ಸಭಾಧ್ಯಕ್ಷರನ್ನೇ ಕೋರಬೇಕು. ಅದೇ ಮಾತನ್ನು ಹೊರಗೆ ಬಂದು ಆಡಿದರೆ ಆ ರಕ್ಷಣೆ ಇಲ್ಲ.

ನಾನು ಅಡ್ಮಿನ್ ಆಗಿರುವ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಧರ್ಮದ ಅಣಕದ ಮೀಮ್ ಹಾಕಿದರು. ನನ್ನ ಮೇಲೂ ಕೇಸ್ ಆಗುತ್ತದೆಯೇ?
– ಓದುಗರು, ಹಾಸನ

ಅಡ್ಮಿನ್ ಎನ್ನುವ ಕಾರಣಕ್ಕಷ್ಟೇ ಇಲ್ಲ. ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹಾಗೆಂದೇ ಹೇಳಿವೆ. ನೀವು ಅದಕ್ಕೆ ನಗುಮುಖ ಒತ್ತಿದರೆ, ಬೇರೆ ಗುಂಪಿಗೆ ಕಳಿಸಿದರೆ ಕಥೆ ಬೇರೆ. ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಹಾಕಿದವರ ನಂಬರು ಮತ್ತು ಹೊತ್ತು ಕಾಣಲಿ. ಆಮೇಲೆ ಎಲ್ಲರಿಗೂ ಅಳಿಸಿ, ಆಕ್ಷೇಪವನ್ನು ಗುಂಪಿನಲ್ಲೇ ಒಂದು ಸಾಲು ಬರೆಯಿರಿ.

ಒಂದು ವಿಡಂಬನೆಯ ರೀಲ್‌ಗಾಗಿ ಠಾಣೆಯಿಂದ ಕರೆ ಬಂದಿದೆ. 'ಬಂದು ಹೋಗಿ' ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ಧಾರವಾಡ

ಲಿಖಿತ ನೋಟಿಸ್ ಕೇಳಿ. ಬಿಎನ್‌ಎಸ್‌ಎಸ್ 35(3)ರಡಿ ವಿಚಾರಣೆಗೆ ಹಾಜರಾಗಲು ಕರೆಯುವ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಕಾನೂನುಬದ್ಧವಾಗಿ ತಲುಪಿಸಿದಂತೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ನೋಟಿಸ್ ಬಂದ ಮೇಲೆ ತಪ್ಪಿಸಿಕೊಳ್ಳಬೇಡಿ. ಹೇಳಿದ ದಿನ ವಕೀಲರೊಂದಿಗೆ ಹೋಗಿ. ನೋಟಿಸಿನಂತೆ ನಡೆದುಕೊಂಡವರನ್ನು ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಹಾಸ್ಯಗಾರ ಮುನವ್ವರ್ ಫಾರೂಕಿ 2021ರ ಜನವರಿ 1ರಂದು ಇಂದೋರಿನಲ್ಲಿ ಬಂಧನಕ್ಕೊಳಗಾಗಿ ಒಂದು ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದರು. ಫೆಬ್ರುವರಿ 5ರಂದು ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಾಗ ಗಮನಿಸಿದ ಅಂಶಗಳಲ್ಲಿ ಬಂಧನಕ್ಕೆ ಮುನ್ನ ಈ ಕ್ರಮ ಪಾಲನೆಯಾಗಿಲ್ಲ ಎನ್ನುವುದೂ ಇತ್ತು.

ಎಫ್‌ಐಆರ್ ಇನ್ನೂ ಆಗಿರದಿದ್ದರೆ ಬಿಎನ್‌ಎಸ್‌ಎಸ್ 173(3)ನ್ನು ನೆನಪಿಸಿ ಒಂದು ಮನವಿ ಕೊಡಿ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು ಎನ್ನುತ್ತದೆ ಅದು. ಸಂಸದ ಇಮ್ರಾನ್ ಪ್ರತಾಪಗಢಿ ಅವರ ಕವಿತೆಯ ಪ್ರಕರಣದಲ್ಲಿ, 2025ರ ಮಾರ್ಚ್ 28ರಂದು, ಮಾತು-ಬರಹದ ದೂರುಗಳಲ್ಲಿ ಇಂಥ ವಿಚಾರಣೆಯೇ ಸೂಕ್ತ ಎಂದು ಸುಪ್ರೀಂ ಕೋರ್ಟ್ ಹೇಳಿತು. ಪದಗಳ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕವುಳ್ಳ ವ್ಯಕ್ತಿಯ ಕಣ್ಣಿನಿಂದ ಅಳೆಯಬೇಕೇ ಹೊರತು ಸದಾ ಅಳುಕುವವರ ಕಣ್ಣಿನಿಂದಲ್ಲ ಎಂದೂ ಆ ತೀರ್ಪಿನಲ್ಲಿದೆ. ಅದರ ಪ್ರತಿಯನ್ನು ಮನವಿಗೆ ಲಗತ್ತಿಸಿ.

299 ಜಾಮೀನುರಹಿತ. ಬಂಧನದ ಸುಳಿವು ಸಿಕ್ಕರೆ ಸೆಷನ್ಸ್ ಕೋರ್ಟಿನಲ್ಲಿ ಬಿಎನ್‌ಎಸ್‌ಎಸ್ 482ರಡಿ ನಿರೀಕ್ಷಣಾ ಜಾಮೀನು ಕೇಳಿ. ಎಫ್‌ಐಆರ್ ರದ್ದತಿಗೆ ಬಿಎನ್‌ಎಸ್‌ಎಸ್ 528ರಡಿ ನಿಮ್ಮ ಊರಿನ ಹೈಕೋರ್ಟ್ ಪೀಠಕ್ಕೇ ಹೋಗಬಹುದು. ಆರೋಪಪಟ್ಟಿ ಬಂದಿದ್ದರೆ ಅದರಲ್ಲಿ ಬಿಎನ್‌ಎಸ್‌ಎಸ್ 217ರಡಿಯ ಸರ್ಕಾರದ ಮಂಜೂರಾತಿ ಇದೆಯೇ ನೋಡಿ. ಅದಿಲ್ಲದೆ 299 ಮತ್ತು 196ರ ಅಪರಾಧಗಳನ್ನು ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಎಷ್ಟೋ ಪ್ರಕರಣಗಳು ಬೀಳುವುದೇ ಈ ಒಂದು ಹಾಳೆಯಿಲ್ಲದೆ.

ರೀಲ್‌ನ ಮೂಲ ಕಡತ, ಎಡಿಟಿಂಗ್ ಪ್ರಾಜೆಕ್ಟು, ಹಾಕಿದಾಗ ಬರೆದ ಅಡಿಬರಹ ಯಾವುದನ್ನೂ ಅಳಿಸಬೇಡಿ. ಸಾರ್ವಜನಿಕರಿಗೆ ಕಾಣದಂತೆ ಮಾಡಬಹುದು. ಫೋನ್ ಜಪ್ತಿ ಮಾಡಿದರೆ ಮಹಜರಿನ ಪ್ರತಿ ಪಡೆಯಿರಿ, ಹ್ಯಾಶ್ ಮೌಲ್ಯವನ್ನು (ಕಡತದ ಬೆರಳಚ್ಚಿನಂಥ ಡಿಜಿಟಲ್ ಗುರುತು) ದಾಖಲಿಸುವಂತೆ ಕೇಳಿ. ಆಮೇಲೆ ಕಡತ ಬದಲಾದರೆ ಗೊತ್ತಾಗುವುದು ಅದರಿಂದಲೇ.

ಟಿಕೆಟ್ ಮಾರಿದ ಮೇಲೆ 'ಗಲಾಟೆಯಾಗುತ್ತದೆ, ರದ್ದು ಮಾಡಿ' ಎಂದು ಪೊಲೀಸರು ಹೇಳಿದರೆ?
– ಓದುಗರು, ಬೆಂಗಳೂರು

2021ರ ನವೆಂಬರ್ 28ರ ಫಾರೂಕಿ ಕಾರ್ಯಕ್ರಮ ನಿಮ್ಮ ಊರಿನಲ್ಲೇ ಹೀಗೆ ನಿಂತಿತು, ಮರುವರ್ಷ ನವೆಂಬರ್‌ನಲ್ಲಿ ಮಲ್ಲೇಶ್ವರದಲ್ಲಿ ಹಾಸ್ಯಗಾರ ವೀರ್ ದಾಸ್ ಕಾರ್ಯಕ್ರಮವೂ ರದ್ದಾಯಿತು. ಗಲಾಟೆ ಮಾಡುವವರನ್ನು ಬಿಟ್ಟು ಮಾತಾಡುವವರನ್ನು ತಡೆಯುವುದು ಸರಿಯಲ್ಲ. ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರ ರಂಗರಾಜನ್ ತೀರ್ಪಿನಲ್ಲೇ ಹೇಳಿದೆ. ರಾಜಕಾರಣದ ವಿಡಂಬನೆಯ ಒಂದು ಬಂಗಾಳಿ ಚಿತ್ರವನ್ನು ಬಿಡುಗಡೆಯಾದ ಮರುದಿನವೇ ಚಿತ್ರಮಂದಿರಗಳಿಂದ ಇಳಿಸಿದ್ದಕ್ಕೆ 2019ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ 20 ಲಕ್ಷ ರೂಪಾಯಿ ಪರಿಹಾರ ಕೊಡಬೇಕಾಯಿತು.

ಈ ತೀರ್ಪುಗಳು ಕೆಲಸಕ್ಕೆ ಬರಬೇಕಾದರೆ ನಿಮ್ಮ ಕೈಯಲ್ಲಿ ಕಾಗದ ಇರಬೇಕು. ಬಾಯಿಮಾತಿನ ಆದೇಶಕ್ಕೆ ನೀವೇ 'ಅನಿವಾರ್ಯ ಕಾರಣದಿಂದ ರದ್ದು' ಎಂದು ಪ್ರಕಟಿಸಿಬಿಟ್ಟರೆ ಕೋರ್ಟಿನಲ್ಲಿ ಪ್ರಶ್ನಿಸಲು ಏನೂ ಉಳಿಯುವುದಿಲ್ಲ. ಕಾರ್ಯಕ್ರಮಕ್ಕೆ ಮೂರು ವಾರ ಮೊದಲೇ ಠಾಣೆಗೆ ಆಸನಗಳ ಸಂಖ್ಯೆ, ಪ್ರವೇಶ-ನಿರ್ಗಮನ, ಖಾಸಗಿ ಕಾವಲಿನ ವಿವರ ಕೊಟ್ಟು ಸ್ವೀಕೃತಿ ಪಡೆಯಿರಿ, ಬಂದೋಬಸ್ತ್ ಕೋರಿ. ಸಭಾಂಗಣದ ಕರಾರಿನಲ್ಲಿ ಲಿಖಿತ ಆದೇಶವಿಲ್ಲದೆ ಮಾಲೀಕರು ಹಿಂದೆ ಸರಿದರೆ ಬಾಡಿಗೆ ಪೂರ್ತಿ ವಾಪಸ್ ಎನ್ನುವ ಷರತ್ತು ಬರೆಸಿ. ರದ್ದು ಮಾಡಿ ಎಂದವರಿಗೆ ಅದೇ ಗಂಟೆಯಲ್ಲಿ ಇ-ಮೇಲ್ ಕಳಿಸಿ, ಹೇಳಿದ ಮಾತನ್ನು ಅದರಲ್ಲಿ ದಾಖಲಿಸಿ, ಆದೇಶದ ಪ್ರತಿ ಕೇಳಿ. ಹೈಕೋರ್ಟಿನಲ್ಲಿ ತುರ್ತು ರಿಟ್ ಅರ್ಜಿಗೆ ವಕೀಲರು ಮೊದಲು ಕೇಳುವುದು ಆ ಇ-ಮೇಲನ್ನೇ.