ಅಂಗಳದಲ್ಲಿ ಇಟ್ಟ ಯಂತ್ರ ಅಳೆದದ್ದು ಏನು?

ಪ್ರಶ್ನೆ: ನಮ್ಮೂರು ಸಂಡೂರು ತಾಲ್ಲೂಕಿನಲ್ಲಿದೆ. ಗಣಿಯಲ್ಲಿ ಬ್ಲಾಸ್ಟಿಂಗ್ ಆದಾಗ ಮನೆ ಅದುರುತ್ತದೆ, ಗೋಡೆ ಬಿರುಕು ಬಿಟ್ಟಿದೆ. ದೂರು ಕೊಟ್ಟ ಮೇಲೆ ಅಂಗಳದಲ್ಲಿ ಒಂದು ಯಂತ್ರ ಇಟ್ಟು ಅಳೆದರು. ಜಿಯೋಫೋನ್, ಡಿಜಿಟೈಸರ್ ಅಂತ ಏನೇನೋ ಹೇಳಿದರು. ಕೊಟ್ಟ ಕಾಗದದಲ್ಲಿ ‘ಸೆಕೆಂಡಿಗೆ 6.4 ಮಿ.ಮೀ., 7 ಹರ್ಟ್ಸ್’ ಎಂದಿದೆ. ರಿಕ್ಟರ್ ಮಾಪಕದಲ್ಲಿ ಇದು ಎಷ್ಟು?

ಉತ್ತರ: ಇದನ್ನು ರಿಕ್ಟರ್ ಜೊತೆ ಹೋಲಿಸಲೇಬೇಡಿ. ರಿಕ್ಟರ್ ಅಂಕಿ ಇಡೀ ಭೂಕಂಪದ ಗಾತ್ರ. 1993ರ ಕಿಲ್ಲಾರಿ ಭೂಕಂಪಕ್ಕೆ ಒಂದೇ ಅಂಕಿ, ಲಾತೂರಿನವರಿಗೂ ರಾಯಚೂರಿನವರಿಗೂ ಅದೇ. ನಿಮ್ಮ 6.4 ಹಾಗಲ್ಲ. ನಿಮ್ಮ ಅಂಗಳದ ನೆಲ ಅಲುಗಿದ ಗರಿಷ್ಠ ವೇಗ ಅದು. 7 ಹರ್ಟ್ಸ್ ಅಂದರೆ ಸೆಕೆಂಡಿಗೆ 7 ಸಲ ಹಿಂದೆ ಮುಂದೆ ಅಲುಗಿತು ಅಂತ. ಗಣಿಯಿಂದ ಇನ್ನಷ್ಟು ದೂರ ಇಟ್ಟಿದ್ದರೆ ಸಾಮಾನ್ಯವಾಗಿ ಕಡಿಮೆ ಬರುತ್ತಿತ್ತು.

ಆ ವೇಗ ಹಿಡಿಯುವುದೇ ಜಿಯೋಫೋನ್. ಒಳಗೆ ಒಂದು ಅಯಸ್ಕಾಂತ, ಸ್ಪ್ರಿಂಗಿಗೆ ಜೋಡಿಸಿದ ತಂತಿ ಸುರುಳಿ. ನೆಲ ಅಲುಗಿದಾಗ ಡಬ್ಬಿ, ಅಯಸ್ಕಾಂತ ಅದರ ಜೊತೆ ಅಲುಗುತ್ತವೆ, ಸುರುಳಿ ಹಿಂದೆ ಉಳಿಯುತ್ತದೆ. ಆಗ ಸಣ್ಣ ವಿದ್ಯುತ್ ಹುಟ್ಟುತ್ತದೆ. ವೇಗ ಜಾಸ್ತಿ ಆದಷ್ಟೂ ವೋಲ್ಟೇಜ್ ಜಾಸ್ತಿ. ಮೇಲೆ–ಕೆಳಗೆ, ಉದ್ದಕ್ಕೆ, ಅಡ್ಡಕ್ಕೆ ಅಂತ ಇಂಥವು ಮೂರು ಇರುತ್ತವೆ.

ದೂರದ ಭೂಕಂಪದ ನಿಧಾನದ ಅಲೆ ಇದಕ್ಕೆ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ಬ್ರಾಡ್‌ಬ್ಯಾಂಡ್ ಸೀಸ್ಮೋಮೀಟರ್ ಬೇಕು. ಜೋರು ಅಲುಗಾಟಕ್ಕೆ ಆಕ್ಸೆಲೆರೋಮೀಟರ್, ಅಂದರೆ ವೇಗ ಎಷ್ಟು ಬೇಗ ಬದಲಾಗುತ್ತದೆ ಎಂದು ಅಳೆಯುವ ಯಂತ್ರ.

ಡಿಜಿಟೈಸರ್ ಕೆಲಸ ಬೇರೆ. ವೋಲ್ಟೇಜನ್ನು ಅಂಕಿಗಳಾಗಿ ಬದಲಾಯಿಸುವುದು ಅದೇ. ಬಿಟ್ ಜಾಸ್ತಿ ಆದಷ್ಟೂ ಅಳತೆಯ ಮೆಟ್ಟಿಲು ಸಣ್ಣದಾಗುತ್ತದೆ: 16 ಬಿಟ್ ಆದರೆ 65,536 ಮೆಟ್ಟಿಲು, 24 ಬಿಟ್ ಆದರೆ ಸುಮಾರು 1.68 ಕೋಟಿ. ಆದರೆ ಬ್ಲಾಸ್ಟಿಂಗ್‌ನಲ್ಲಿ ನಾನು ಮೊದಲು ನೋಡುವುದು ಬಿಟ್ ಅಲ್ಲ, ಸ್ಯಾಂಪ್ಲಿಂಗ್. ಸೆಕೆಂಡಿಗೆ 100 ಸಲ ಮಾತ್ರ ಅಳೆದರೆ 50 ಹರ್ಟ್ಸ್‌ಗಿಂತ ವೇಗದ ಅಲುಗಾಟ ಸರಿಯಾಗಿ ದಾಖಲಾಗುವುದಿಲ್ಲ. ಬ್ಲಾಸ್ಟಿಂಗ್ ಯಂತ್ರಗಳು ಸಾಮಾನ್ಯವಾಗಿ ಸಾವಿರಕ್ಕೂ ಜಾಸ್ತಿ ಸಲ ಅಳೆಯುತ್ತವೆ.

ಈಗ ನಿಮ್ಮ ಕಾಗದಕ್ಕೆ ಬರೋಣ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ಪ್ರಕಾರ, ಗಣಿಯವರದಲ್ಲದ ವಾಸದ ಮನೆಗೆ 8 ಹರ್ಟ್ಸ್‌ಗಿಂತ ಕಡಿಮೆ ಇದ್ದರೆ ಮಿತಿ ಸೆಕೆಂಡಿಗೆ 5 ಮಿ.ಮೀ. 8ರಿಂದ 25ರವರೆಗೆ 10, ಅದಕ್ಕೂ ಮೇಲೆ 15. ನಿಮ್ಮದು 7 ಹರ್ಟ್ಸ್, 6.4 ಮಿ.ಮೀ. ಅಂದ್ರೆ ಮಿತಿ ದಾಟಿದೆ. ಅದೇ 6.4 ಬರೀ 12 ಹರ್ಟ್ಸ್‌ನಲ್ಲಿ ಬಂದಿದ್ದರೆ ಮಿತಿಯೊಳಗೇ ಇರುತ್ತಿತ್ತು! ನಿಧಾನದ ಅಲುಗಾಟಕ್ಕೆ ಚಿಕ್ಕ ಮನೆಗಳು ತಾವೂ ತೂಗಲು ಶುರು ಮಾಡುತ್ತವೆ, ಅದಕ್ಕೇ ಅಲ್ಲಿ ಬಿಗಿ. ಹಾಗಾಗಿ ಹರ್ಟ್ಸ್ ಬರೆಯದ ಕಾಗದ ಯಾರೇ ಕೊಟ್ಟರೂ ಒಪ್ಪಬೇಡಿ. ಆದರೆ ಬಿರುಕು ಬ್ಲಾಸ್ಟಿಂಗ್‌ನಿಂದಲೇ ಬಂತು ಅಂತ ಈ ಒಂದು ಅಂಕಿಯಿಂದ ಹೇಳಲಾಗದು. ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳು ಸುಮ್ನೆ ನೆಲ ಉಬ್ಬಿ ಕುಗ್ಗುವುದರಿಂದಲೂ ಬಿರುಕು ಬಿಡುತ್ತವೆ.

ಮತ್ತೆ ಅಳೆಯಲು ಬಂದಾಗ ಪಕ್ಕದಲ್ಲೇ ನಿಂತು ನೋಡಿ. ಸೆನ್ಸರ್ ಗಟ್ಟಿ ನೆಲಕ್ಕೆ ಅಂಟಿದ ಹಾಗೆ ಕೂರಬೇಕು, ಸಡಿಲ ಮಣ್ಣಿನ ಮೇಲೆ ಇಟ್ಟರೆ ಅಂಕಿ ನಂಬಲಾಗದು. ಟ್ರಿಗರ್ ಎಷ್ಟಕ್ಕೆ ಇಟ್ಟಿದ್ದಾರೆ ಕೇಳಿ. ಅದಕ್ಕಿಂತ ಕಡಿಮೆ ಅಲುಗಾಟವನ್ನು ಯಂತ್ರ ಬರೆದುಕೊಳ್ಳುವುದೇ ಇಲ್ಲ. ಕ್ಯಾಲಿಬ್ರೇಷನ್ (ಯಂತ್ರ ಸರಿಯಾಗಿ ಅಳೆಯುತ್ತದೆಯೇ ಎಂಬ ಪರೀಕ್ಷೆ) ಪ್ರಮಾಣಪತ್ರದ ದಿನಾಂಕ ನೋಡಿ, ಅಲೆಯ ಪೂರ್ತಿ ಗ್ರಾಫಿನ ಪ್ರತಿಯನ್ನೂ ಕೇಳಿ ಪಡೆಯಿರಿ.