ಅವೆಲ್ಲ ಹೆಣ್ಣು ಬಾತುಗಳಲ್ಲ

ತುಮಕೂರು ಅಮಾನಿಕೆರೆಯಲ್ಲಿ ನವೆಂಬರಿನಲ್ಲಿ ಕಾಣುವ ಬಾತುಗಳೆಲ್ಲ ಒಂದೇ ಕಂದು ಬಣ್ಣ. ವಲಸೆ ಬರುವುದು ಹೆಣ್ಣುಗಳು ಮಾತ್ರವೇ?

ಪ್ರತಿ ಚಳಿಗಾಲವೂ ಇದೇ ಪ್ರಶ್ನೆ. ಗಂಡುಗಳೂ ಅಲ್ಲೇ ಇರುತ್ತವೆ. ಮರಿ ಮಾಡುವ ಕಾಲ ಮುಗಿಯುತ್ತಲೇ ಗಂಡು ಬಾತು ಬಣ್ಣದ ಗರಿ ಉದುರಿಸಿ ಹೆಣ್ಣಿನ ಹಾಗೇ ಕಂದಾಗುತ್ತದೆ. ಹಾರುವ ಗರಿಗಳೂ ಒಟ್ಟಿಗೇ ಉದುರುವುದರಿಂದ ಮೂರ್ನಾಲ್ಕು ವಾರ ಹಾರಲಾಗದು. ಬೇಟೆಪ್ರಾಣಿಗಳ ಕಣ್ಣು ತಪ್ಪಿಸಲು ಆ ಮಾಸಲು ಬಣ್ಣ ಬೇಕು. ಹೊಸ ರೆಕ್ಕೆ ಬಂದು ಇಲ್ಲಿಗೆ ಹಾರಿ ಬಂದ ಮೇಲೂ ಬಿಳಿಹುಬ್ಬಿನ ಬಾತಿನ ಗಂಡು ಬೇಗ ಬಣ್ಣ ತಳೆಯುವುದಿಲ್ಲ. ಎಷ್ಟೋ ಗಂಡುಗಳ ಹುಬ್ಬು ಬೆಳ್ಳಗಾಗುವುದು ಫೆಬ್ರವರಿ ಹೊತ್ತಿಗೆ.

ಅಲ್ಲಿಯವರೆಗೆ ಬಣ್ಣ ಬಿಡಿ, ಕೊಕ್ಕು ನೋಡಿ. ಕೊಕ್ಕು ತಲೆಗಿಂತ ಉದ್ದ, ತುದಿ ಸಲಿಕೆಯಷ್ಟು ಅಗಲ ಇದ್ದರೆ ಸಲಿಕೆಕೊಕ್ಕಿನ ಬಾತು. ಬೂದು ಕೊಕ್ಕು, ಉದ್ದನೆ ತೆಳು ಕತ್ತು ಇದ್ದರೆ ಸೂಜಿಬಾಲದ ಬಾತು. ಕಪ್ಪು ಕೊಕ್ಕಿಗೆ ಹಳದಿ ತುದಿ ಇದ್ದರೆ ಚುಕ್ಕೆಕೊಕ್ಕಿನದು. ಅದು ವಲಸೆಯದಲ್ಲ, ನಮ್ಮಲ್ಲೇ ಮರಿ ಮಾಡುವ ಹಕ್ಕಿ, ಗಂಡು ಹೆಣ್ಣು ಹೆಚ್ಚುಕಡಿಮೆ ಒಂದೇ ಥರ. ಇವಕ್ಕಿಂತ ಸಣ್ಣದು, ಮುಖದ ಮೇಲೆ ಪಟ್ಟೆ, ಕೊಕ್ಕಿನ ಬುಡದಲ್ಲಿ ಬಿಳಿ ಮಚ್ಚೆ ಇದ್ದರೆ ಬಿಳಿಹುಬ್ಬಿನ ಬಾತು. ಅದರ ಗಂಡನ್ನು ಗುರುತಿಸಲು ತಾಳ್ಮೆ ಬೇಕು. ಸ್ನಾನ ಮುಗಿಸಿದ ಬಾತು ನೀರಿನಿಂದ ಎದೆ ಎತ್ತಿ ಎರಡು ಮೂರು ಸಲ ರೆಕ್ಕೆ ಬಡಿಯುತ್ತದೆ. ಆ ಕ್ಷಣ ರೆಕ್ಕೆಯ ಮುಂಭಾಗ ತಿಳಿ ನೀಲಿಬೂದು ಕಂಡರೆ ಗಂಡು, ಮಾಸಲು ಕಂದುಬೂದು ಕಂಡರೆ ಹೆಣ್ಣು. ಮೈಬಣ್ಣ ಬದಲಾದರೂ ಗಂಡಿನ ಈ ಗುರುತು ಅಳಿಯದು.

ಬೆಳಿಗ್ಗೆ ಪೂರ್ವದ ದಂಡೆಯಲ್ಲೇ ನಿಲ್ಲಿ, ಬಿಸಿಲು ಬೆನ್ನಿಗಿರಲಿ. ಎದುರು ಬಿಸಿಲಿನಲ್ಲಿ ಎಲ್ಲ ಬಾತುಗಳೂ ಕಪ್ಪು ನೆರಳೇ. 8 ಪಟ್ಟು ಹಿಗ್ಗಿಸುವ 8×42ರ ಬೈನಾಕ್ಯುಲರ್ ಸಾಕು. 20 ಪಟ್ಟು ಹಿಗ್ಗಿಸುವುದನ್ನು ಅಂಗಡಿಯವರು ಹೊಗಳಿದರೂ ಕೊಳ್ಳಬೇಡಿ, ಕೈ ನಡುಗಿ ಕೊಕ್ಕೂ ಕಾಣುವುದಿಲ್ಲ.

ಹಣೆ ಬೆಳ್ಳಗಿರುವ ಕಪ್ಪು ಬಾತು ಯಾವುದು?

ಅದು ನಾಮದ ಕೋಳಿ, ಬಾತಲ್ಲ.

ಮಕ್ಕಳು ಕಡ್ಲೆಪುರಿ ಹಾಕಬಹುದೇ?

ಬೇಡ. ತಿನ್ನದೆ ಉಳಿದದ್ದು ಕೊಳೆತು ನೀರು ಕೆಡುತ್ತದೆ. ಆಹಾರ ಕೆರೆಯಲ್ಲೇ ಇದೆ.

ನೀರುಹಕ್ಕಿಯ ಮಾಂಸ ಕೀಲುನೋವಿಗೆ ಮದ್ದು ಎನ್ನುತ್ತಾರೆ, ನಿಜವೇ?

ಅಪ್ಪಟ ಸುಳ್ಳು. ಹಾಗೆ ಹೇಳಿ ದುಡ್ಡು ಕೀಳುವವರು ನಿಮ್ಮ ನೋವನ್ನೂ ಹಕ್ಕಿಯ ಜೀವವನ್ನೂ ಮಾರಿಕೊಳ್ಳುತ್ತಿದ್ದಾರೆ. ಕಾಡುಬಾತು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೆರೆಯಲ್ಲಿ ಬಲೆ, ಉರುಳು ಕಂಡರೆ ಮುಟ್ಟದೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ.