ಓದುಗರ ಪ್ರಶ್ನೆ: ಬಾನುಲಿಯ ಗೇಲಿಗೆ ಗುರಿಯಾಗುವವರು

ಪ್ರಶ್ನೆ: ಬಿಬಿಸಿ ರೇಡಿಯೋ 4ರ ‘ಐ ಆಮ್ ಸಾರಿ ಐ ಹ್ಯಾವನ್ಟ್ ಎ ಕ್ಲೂ’ ಹಾಸ್ಯ ಕಾರ್ಯಕ್ರಮದ ಹಳೆಯ ಕಂತುಗಳನ್ನು ಕೇಳುತ್ತಿರುತ್ತೇನೆ. ನಗು ಬರುತ್ತದೆ, ನಿಜ. ಆದರೆ ಲಯನೆಲ್ ಬ್ಲೇರ್ ಎಂಬ ನರ್ತಕರ ಮೇಲೆ ಪದೇ ಪದೇ ಅದೇ ಬಗೆಯ ಗೇಲಿ ಕೇಳಿಬರುತ್ತದೆ. ಪ್ರಸಿದ್ಧರಾದ ಮಾತ್ರಕ್ಕೆ ಇದನ್ನೆಲ್ಲ ಸಹಿಸಿಕೊಳ್ಳಬೇಕೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಸಹಿಸಿಕೊಳ್ಳಬೇಕೆಂಬ ಕಟ್ಟುಪಾಡೇನೂ ಇಲ್ಲ. ಬ್ಲೇರ್ ಅವರು 1979ರಲ್ಲಿ ಐಟಿವಿಯಲ್ಲಿ ಆರಂಭವಾದ ‘ಗಿವ್ ಅಸ್ ಎ ಕ್ಲೂ’ ಎಂಬ ಮೂಕಾಭಿನಯದ ಸ್ಪರ್ಧೆಯಲ್ಲಿ ಒಂದು ತಂಡದ ನಾಯಕರಾಗಿದ್ದರು. ನಮ್ಮ ಕಾಲೇಜು ಹುಡುಗರು ಡಂಬ್ ಶರಾಡ್ಸ್ ಎಂದು ಆಡುವ ಆಟವೇ ಅದು. 1972ರಲ್ಲಿ ಶುರುವಾಗಿದ್ದ ರೇಡಿಯೋ ಕಾರ್ಯಕ್ರಮವು ಆ ಆಟವನ್ನು ಬಾನುಲಿಗೆ ಹೊಂದಿಸಿಕೊಂಡಿತು (ಕಣ್ಣಿಗೆ ಕಾಣದ ಮಾಧ್ಯಮದಲ್ಲಿ ಮೂಕಾಭಿನಯವೆಂಬುದೇ ಅರ್ಧ ತಮಾಷೆ). ಅದರ ಪೀಠಿಕೆಯಲ್ಲಿ ಬ್ಲೇರ್ ಅವರ ಅಭಿನಯ ಕೌಶಲವನ್ನು ಹೊಗಳುವಂತೆ ಮಾತು ಶುರುವಾಗುತ್ತಿತ್ತು. ಜಾಜ್ ತುತ್ತೂರಿ ವಾದಕರೂ ಆಗಿದ್ದ ನಿರೂಪಕ ಹಂಫ್ರಿ ಲಿಟಲ್ಟನ್ ತಮಗೇನೂ ಗೊತ್ತಿಲ್ಲವೆಂಬ ದನಿಯಲ್ಲಿ ಓದುತ್ತಾ ಹೋದ ಹಾಗೆ, ವಾಕ್ಯದ ಕೊನೆಯಲ್ಲಿ ದ್ವಂದ್ವಾರ್ಥ ಬಿಚ್ಚಿಕೊಂಡು ಸಭೆಯೆಲ್ಲ ಗೊಳ್ಳೆನ್ನುತ್ತಿತ್ತು. ಬ್ಲೇರ್ ಸಲಿಂಗಾಸಕ್ತರು ಎಂಬ ಸೂಚನೆಯೇ ಆ ನಗೆಯ ಬಂಡವಾಳ. ಅವರಾದರೋ 1967ರಲ್ಲಿ ಮದುವೆಯಾಗಿ ಮೂವರು ಮಕ್ಕಳ ತಂದೆಯಾಗಿದ್ದವರು. ಇಂಗ್ಲೆಂಡಿನಲ್ಲಿ ಪುರುಷರ ಸಲಿಂಗ ಸಂಬಂಧ ಆ ವರ್ಷದವರೆಗೂ ಶಿಕ್ಷಾರ್ಹ ಅಪರಾಧವಾಗಿತ್ತೆಂಬುದನ್ನು ನೆನೆದರೆ, ಅವರ ಪೀಳಿಗೆಯ ನರ್ತಕನೊಬ್ಬನಿಗೆ ಇಂಥ ಸೂಚನೆ ಎಷ್ಟು ಭಾರವಾಗಬಹುದು ಎಂಬುದು ತಿಳಿಯುತ್ತದೆ. ಸಲಿಂಗಾಸಕ್ತರಾಗಿರುವುದೇ ನಗೆಪಾಟಲಿನ ವಿಷಯವೆಂದು ಭಾವಿಸಿದಾಗ ಮಾತ್ರ ಈ ಹಾಸ್ಯ ನಡೆಯುತ್ತದೆಯಾದ್ದರಿಂದ, ರೇಡಿಯೋ ಮುಂದೆ ಕುಳಿತ ಸಲಿಂಗಾಸಕ್ತ ಕೇಳುಗನಿಗೂ ಅದು ತಟ್ಟದೆ ಇರದು.

ಅದೇ ಕಾರ್ಯಕ್ರಮದಲ್ಲಿ ಅಂಕ ಬರೆಯುವ ಸಮಂತಾ ಎಂಬಾಕೆಯ ಮೇಲೂ ಇಂಥದೇ ದ್ವಂದ್ವಾರ್ಥದ ಮಾತುಗಳಿವೆ. ಅವು ಹೆಂಗಸರಿಗೆ ಒಪ್ಪುವಂಥವೇ ಎಂಬುದು ಬೇರೆಯೇ ಚರ್ಚೆ. ಆದರೆ ಸಮಂತಾ ಎಂಬುವವಳು ಇಲ್ಲವೇ ಇಲ್ಲ, ಆಕೆ ಬರಿಯ ಕಲ್ಪನೆ. ಒಂದೇ ತಮಾಷೆ ವರ್ಷಗಟ್ಟಲೆ ನಡೆದಾಗ ಬ್ಲೇರ್ ಕೂಡ ಕೇಳುಗರ ಕಿವಿಗೆ ಅಂಥದೇ ಪಾತ್ರವಾಗಿಬಿಡುತ್ತಾರೆ, ಮನೆ-ಮಕ್ಕಳಿರುವ ಮನುಷ್ಯ ಎಂಬುದು ಮರೆತುಹೋಗುತ್ತದೆ. ಒಮ್ಮೆ ಆಡಿದ ಕುಹಕಕ್ಕೂ ಬಿಡದೆ ನಡೆದುಬಂದ ಗೇಲಿಗೂ ಇರುವ ವ್ಯತ್ಯಾಸ ಇಲ್ಲಿದೆ ಎಂಬುದು ನನ್ನ ಎಣಿಕೆ. ಮೂಕಾಭಿನಯದಲ್ಲಿ ಅವರ ಅತಿ ಉತ್ಸಾಹವನ್ನು ಎಷ್ಟು ಬೇಕಾದರೂ ಆಡಿಕೊಳ್ಳಲಿ, ಅದು ಅವರೇ ಜನರ ಮುಂದಿಟ್ಟ ಕೆಲಸ.

ಬಿಬಿಸಿ 1948ರಲ್ಲಿ ತನ್ನ ಹಾಸ್ಯ ಬರಹಗಾರರಿಗಾಗಿ ಸಿದ್ಧಪಡಿಸಿದ ‘ಗ್ರೀನ್ ಬುಕ್’ ಎಂಬ ನಿಯಮ ಪುಸ್ತಕದಲ್ಲಿ ಗಂಡಸರ ಹೆಣ್ಣಿಗತನವನ್ನು ಕುರಿತ ಹಾಸ್ಯಕ್ಕೆ ನಿಷೇಧವಿತ್ತು. ಅದರ ಹಿಂದೆ ಇದ್ದದ್ದು ಕರುಣೆಗಿಂತ ಹೆಚ್ಚಾಗಿ ಮಡಿವಂತಿಕೆ. ಒಳಉಡುಪು, ಮಧುಚಂದ್ರದ ದಂಪತಿ, ಇವೂ ಅದೇ ಪಟ್ಟಿಯಲ್ಲಿದ್ದವು. ಆದರೆ ಗ್ರೇಸಿ ಫೀಲ್ಡ್ಸ್ ಅವರಂಥ ಕಲಾವಿದರನ್ನು ಒಪ್ಪಿಗೆಯಿಲ್ಲದೆ ಅನುಕರಿಸಬಾರದೆಂದೂ ಆ ಪುಸ್ತಕ ಹೇಳಿತ್ತು. ಗುರಿಯಾದವರ ಮಾತಿಗೆ ಬೆಲೆ ಕೊಡುವ ಆ ಒಂದು ನಿಯಮ ಮಾತ್ರ ಇಂದಿಗೂ ಇರಬೇಕಿತ್ತೆನಿಸುತ್ತದೆ.

ಪ್ರಶ್ನೆ: ಕೇಳುಗರ ದೂರು ಬಾರದಿದ್ದರೆ ತಪ್ಪು ನಡೆದಿಲ್ಲವೆಂದು ತಿಳಿಯಬಹುದೇ?

ಉತ್ತರ: ತಿಳಿಯಲಾಗದು. 2008ರ ಅಕ್ಟೋಬರ್ 18ರಂದು ಬಿಬಿಸಿ ರೇಡಿಯೋ 2ರಲ್ಲಿ ರಸೆಲ್ ಬ್ರಾಂಡ್ ಮತ್ತು ಜೊನಾಥನ್ ರಾಸ್ ಅವರು 78ರ ಹರೆಯದ ನಟ ಆಂಡ್ರ್ಯೂ ಸಾಕ್ಸ್ ಅವರ ಫೋನಿನಲ್ಲಿ, ಮೊಮ್ಮಗಳನ್ನು ಕುರಿತು ಅಸಭ್ಯ ಸಂದೇಶಗಳನ್ನು ಬಿಟ್ಟದ್ದು ಪ್ರಸಾರವಾಯಿತು. ಮೊದಲಿಗೆ ಬಂದದ್ದು ಎರಡೇ ದೂರು. ವಾರದ ಬಳಿಕ ಪತ್ರಿಕೆಯೊಂದು ವರದಿ ಮಾಡಿದ ಮೇಲೆ ದೂರುಗಳು ಹತ್ತಾರು ಸಾವಿರಕ್ಕೆ ಏರಿದವು. ಬ್ರಾಂಡ್ ರಾಜೀನಾಮೆ ಕೊಟ್ಟರು, ರಾಸ್ ಅವರನ್ನು 12 ವಾರ ಸಂಬಳವಿಲ್ಲದೆ ಅಮಾನತಿನಲ್ಲಿಟ್ಟರು, ಮರುವರ್ಷ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಬಿಬಿಸಿಗೆ 1,50,000 ಪೌಂಡ್ ದಂಡ ವಿಧಿಸಿತು. ಸಾಕ್ಸ್ ಅವರಿಗಾದ ಅವಮಾನ ಎರಡು ದೂರಿದ್ದಾಗಲೂ ಅಷ್ಟೇ ಇತ್ತಲ್ಲವೇ? ಅದೂ ಅಲ್ಲದೆ ಕಾರ್ಯಕ್ರಮ ನೇರ ಪ್ರಸಾರವಲ್ಲ, ಎರಡು ದಿನ ಮೊದಲೇ ಧ್ವನಿಮುದ್ರಣವಾಗಿತ್ತು. ಕತ್ತರಿ ಹಾಕಲು ಬೇಕಾದಷ್ಟು ಹೊತ್ತಿತ್ತು.